ಗೋಮಾಳ ನೋಡಲು ಸಾಹೇಬರು ಬಂದದ್ದು

ಕುರಿ ಕಾಯುವವನಿಗೆ ಮಾತು ಬೇಕಿಲ್ಲ. ನಗೆಪಾಟಲು ಮಾತ್ರ ತಪ್ಪುವುದಿಲ್ಲ. ಈ ಸಲದ್ದು ಹೇಳುತ್ತೇನೆ.

ಕುರುಗೋಡಿನ ಹತ್ತಿರದ ನಮ್ಮೂರ ಗೋಮಾಳವನ್ನು ಯಾರೋ ಗೋದಾಮು ಕಟ್ಟಲು ಕೇಳಿದ್ದರು. ಅಲ್ಲಿ ಏನೂ ಮೇಯುವುದಿಲ್ಲ ಎಂದು ಅವರ ಅರ್ಜಿ. ಅದು ಹೋದರೆ ಊರಲ್ಲಿ ನನ್ನ ಕುರಿಗಳಿಗೆ ಬೇರೆ ಹುಲ್ಲಿಲ್ಲ.

ದಾಖಲೆ

ತಕರಾರು ಹೇಳಲು ಬಳ್ಳಾರಿಯ ಕಂದಾಯ ಕಚೇರಿಗೆ ಹೋದೆ.

“ಕುರಿ ಮೇಯ್ತಾವ ಅನ್ನಾಕ ದಾಖಲೆ ಏನೈತಿ, ಯಜಮಾನ್ರ?” ಗುಮಾಸ್ತ ಕೇಳಿದ.

ಗೋಮಾಳದಿಂದ ಒಂದು ಹಿಡಿ ಕುರಿಹಿಕ್ಕೆ ಕಟ್ಟಿಕೊಂಡು ಹೋಗಿದ್ದೆ. ಮೇಜಿನ ಮೇಲೆ ಬಿಚ್ಚಿಟ್ಟೆ.

ಬಗ್ಗಿ ನೋಡಿದ. “ಇದರ ಮ್ಯಾಲ ಸೀಲ್ ಇಲ್ಲಲ್ರಿ.”

ಆದರೂ ಒಳ್ಳೆಯವನು. ತನ್ನ ಸಾಹೇಬರು ಸ್ಥಳಕ್ಕೇ ಬಂದು ನೋಡುವಂತೆ ಮಾಡಿದ.

ಗದ್ದೆಯವನ ಪಾಲು

ಆಗ ನನ್ನ ಮಂದೆ ಸಿರುಗುಪ್ಪ ಕಡೆಯ ದೇಶನೂರಿನಲ್ಲಿತ್ತು. ಭತ್ತ ಕೊಯ್ದ ಗದ್ದೆಯಲ್ಲಿ ಕುರಿ ಮೇಯಬೇಕು, ಅಲ್ಲೇ ಮಲಗಿ ಗೊಬ್ಬರ ಹಾಕಬೇಕು. ಅದು ಪದ್ಧತಿ. ಸಾಹೇಬರು ಬರುವ ಸುದ್ದಿ ಸಿಕ್ಕು, ಮಾತಾಡಿದ ದಿನಕ್ಕಿಂತ ಮೊದಲೇ ಹೊರಟಾಗ ಗದ್ದೆಯವನು ಅಡ್ಡ ನಿಂತ.

“ಹೋಗಾಕ ಅಡ್ಡಿಲ್ಲ, ಮಾವ. ಬೆಳಿಗ್ಗಿ ತಿಂದದ್ದನ್ನ ಇಲ್ಲೇ ಇಳಿಸಿ ಹೋಗ್ಲಿ.”

ಇಳಿಸುವವರೆಗೆ ಇಬ್ಬರೂ ಬದುವಿನ ಮೇಲೆ ಕೂತು ಕಾದೆವು.

ಮರ್ಯಾದೆ

ಹೀಗೆ ತಡವಾಗಿ ಹೊರಟು, ದಾರಿಯಲ್ಲಿ ರಾತ್ರಿ ಕಳೆದು ಊರು ಮುಟ್ಟಿದೆ. ಸಾಹೇಬರು ಮೊದಲೇ ಬಂದಿದ್ದರು. ದೊಡ್ಡವರು ಬರುತ್ತಾರೆಂದು ನಮ್ಮ ಪಂಚಾಯಿತಿ ಸದಸ್ಯ ಊರ ದನಗಳನ್ನೆಲ್ಲ ಮನೆಯಲ್ಲೇ ಕಟ್ಟಿಸಿದ್ದ.

“ಇಲ್ಲಿ ಏನೂ ಮೇದಂಗ ಕಾಣಲ್ಲವಲ್ಲ,” ಅಂದರು ಸಾಹೇಬರು.

“ಹೆಂಗ ಕಾಣ್ತೈತ್ರಿ? ಸಗಣಿ ಸುದ್ದಿ ಇಲ್ಲದಂಗ ಗುಡಿಸೀವಿ,” ಅಂದ ಸದಸ್ಯ, ಎದೆಯುಬ್ಬಿಸಿ.

ಕೊಡೆ

ಸಾಹೇಬರು ಪೆನ್ನು ತೆಗೆಯುವಷ್ಟರಲ್ಲಿ ನನ್ನ ಹಿಂದೆ ಬರುತ್ತಿದ್ದ ಮಂದೆಯೂ ಬಂತು. ನಾನು ತೋರಿಸಬೇಕಾಗಲಿಲ್ಲ. ನೇರ ಗೋಮಾಳಕ್ಕೆ ಇಳಿದು ಹುಲ್ಲಿಗೆ ಬಾಯಿ ಹಾಕಿತು.

ಮಟಮಟ ಮಧ್ಯಾಹ್ನ. ಅಲ್ಲಿ ಒಂದು ಮರವೂ ಇಲ್ಲ. ನೆರಳೆಂದರೆ ಸಾಹೇಬರ ಕೊಡೆಯದೊಂದೇ. ಬಿಸಿಲೇರಿದರೆ ಕುರಿ ನೆರಳು ಕಂಡಲ್ಲಿ ತಲೆ ತೂರಿಸುತ್ತದೆ. ಹೊಟ್ಟೆ ತುಂಬಿದವೆಲ್ಲ ಬಂದು ಅವರ ಸುತ್ತ ಒತ್ತಿ ನಿಂತವು.

“ಇವನ್ನ ಓಡಿಸಪ್ಪ.”

“ಕೊಡಿ ಮುಚ್ರಿ, ಹೋಗ್ತಾವ.”

ನಮ್ಮ ಬಿಸಿಲು ಅವರಿಗೂ ಗೊತ್ತು. ಮುಚ್ಚಲಿಲ್ಲ. ಕುರಿಗಳೂ ಕದಲಲಿಲ್ಲ. ಸುಮಾರು ಹೊತ್ತಾದ ಮೇಲೆ ದೂರ ನಿಂತಿದ್ದ ಗುಮಾಸ್ತನಿಗೆ ಹೇಳಿದರು, “ಬರಕೋ. ಗೋಮಾಳ ಕುರಿ ದನಕ್ಕೇ ಇರ್ಲಿ. ಸುತ್ತ ಬೇವಿನ ಸಸಿ ಹಚ್ಚಲಿ.”

“ಕುರಿ ಎಷ್ಟು ಅಂತ ಬರೀಲ್ರಿ, ಸರ್?”

“ತಲಿ ಎಲ್ಲಾ ನನ್ನ ಕೊಡಿ ಕೆಳಗ ಅದಾವು. ಹಿಂದಿನಿಂದ ಎಣಿಸು.”