ಹೊಳೆ ದಾಟಬಾರದ ಮದ್ದು

ನಾನು ಓದು ನಿಲ್ಲಿಸಿದ್ದು ೧೯೩೫ರಲ್ಲಿ. ಅಲ್ಲಿಂದಾಚೆಗೆ ಯಾರ ಮುಂದೆಯೂ ಕೈಚಾಚಿದವನಲ್ಲ, ಹಾವಿಗೆ ಹೆದರಿದವನಲ್ಲ. ಹಳ್ಳಿಮೈಸೂರಿನ ಸುತ್ತ ನನ್ನಷ್ಟು ಆಳವಾಗಿ ಉಳುವವನಿಲ್ಲವೆಂದು ಊರವರು ಹೇಳದಿದ್ದರೂ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಇಂಥ ಗಂಡಸಿಗೆ ಒಂದು ಬೆಳಿಗ್ಗೆ ಬೇಲಿಯ ಮರೆಯಲ್ಲಿ ಮೂತ್ರದ ಜೊತೆ ರಕ್ತ ಹೋಯಿತು ನೋಡಿ, ಕಾಲಿನಿಂದ ಮಣ್ಣೆಳೆದು ಮುಚ್ಚಿ ಓಡಿದೆ.

ಹಾಸನದ ಡಾಕ್ಟರು ಎಕ್ಸ್‌ರೇ ತೆಗೆಸಿ, "ಎಡಗಡೆ ಮೂತ್ರಪಿಂಡದಲ್ಲಿ ಗಡ್ಡೆ ಬೆಳೆದಿದೆ. ಕ್ಯಾನ್ಸರ್ ಇರಬಹುದು. ಪಿಂಡವನ್ನೇ ತೆಗೀಬೇಕು" ಎಂದರು. "ಮನೇಲಿ ಏಳ್ಬುಟ್ ಬತ್ತೀನಿ ಸಾ" ಎಂದು ಹೊರಟವನು ಆಮೇಲೆ ಹಾಸನದ ದಿಕ್ಕಿಗೆ ತಲೆಯಿಟ್ಟು ಮಲಗಲೂ ಇಲ್ಲ. ನೆಟ್ಟಗೆ ಹೋದದ್ದು ಅರಕಲಗೂಡು ಕಡೆಯ ನಾಟಿ ವೈದ್ಯ ಸಿದ್ದಜ್ಜನ ಹತ್ತಿರ. ಅವನು ಹಸಿರು ರಸ ಕೊಟ್ಟ. ಬಾಯಿಗಿಟ್ಟ ಕೂಡಲೇ ನೆಲಬೇವೆಂದು ತಿಳಿಯಿತು. ನನ್ನ ನಾಲಿಗೆಯೇ ತಾಳದ ಕಹಿಯನ್ನು ಆ ಗಡ್ಡೆ ತಾಳೀತೇ?

"ಕರಗೋಯ್ತದೆ ಕಣ್ಲಾ. ಆದ್ರೆ ಮದ್ದು ಮುಗಿಯಗಂಟ ಹೊಳೆ ದಾಟಂಗಿಲ್ಲ. ದಾಟುದ್ರೆ ಮದ್ದು ನೀರುಪಾಲು" ಎಂದ.

ನಮ್ಮೂರಿಗೂ ಹಾಸನಕ್ಕೂ ನಡುವೆ ಹೇಮಾವತಿ ಹರಿಯುತ್ತಾಳೆ. ಕತ್ತರಿಸಿಕೊಳ್ಳುವ ಭಯಕ್ಕೆ ಇಷ್ಟು ಮರ್ಯಾದೆಯ ಕಾರಣ ಇನ್ನೆಲ್ಲಿ ಸಿಕ್ಕೀತು? ಹೆಂಡತಿ ಕೆಂಪಮ್ಮ ಆಸ್ಪತ್ರೆಯ ಮಾತೆತ್ತಿದಾಗಲೆಲ್ಲ "ಪಥ್ಯ ಕಣೇ" ಎನ್ನುತ್ತಿದ್ದೆ. ಮದ್ದು ಮುಗಿಯುತ್ತ ಬಂದರೆ ಇನ್ನೊಂದು ಸೀಸೆ ತರುತ್ತಿದ್ದೆ.

ಆದರೆ ರಕ್ತ ಮತ್ತೆ ಹೋಯಿತು, ಈ ಸಲ ಹೆಪ್ಪುಹೆಪ್ಪಾಗಿ. ಕೆಂಪಮ್ಮ ಕಂಡಳು.

"ಏಳು, ಬಸ್ ಬತ್ತದೆ."

"ಹೊಳೆ ಕಣೇ..."

"ನೀನೆಲ್ಲಿ ದಾಟೀಯೆ? ದಾಟೋದು ಬಸ್ಸು. ನೀನು ಸುಮ್ಕೆ ಕುಂತಿರು!"

ನರಸೀಪುರದ ಹೊಳೆಯ ಸೇತುವೆ ಬಂದಾಗ ನಾನು ಎರಡು ಕಾಲನ್ನೂ ಸೀಟಿನ ಮೇಲೆಳೆದುಕೊಂಡು ಕಣ್ಣುಮುಚ್ಚಿದೆ. ಕಂಡಕ್ಟರ್, "ಯಾಕ್ ಗೌಡ್ರೇ, ನೀರು ಒಳಿಕ್ಕೇ ಬಂತಾ?" ಎಂದ. ಬಸ್ಸೆಲ್ಲ ನಕ್ಕಿತು. ಕೆಂಪಮ್ಮ ನಗಲಿಲ್ಲ, ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು.

ಸಿದ್ದಜ್ಜನ ಮದ್ದಿನ ಕತೆ ಕೇಳಿಯೂ ಡಾಕ್ಟರು ಬೈಯಲಿಲ್ಲ. "ನೆಲಬೇವಿನಲ್ಲಿ ಏನೋ ಸತ್ವ ಇದ್ದರೂ ಇರಬಹುದು. ಗಾಜಿನ ಬಟ್ಟಲಲ್ಲಿ ಹಾಕಿದರೆ ಗಡ್ಡೆಯ ಕಣಗಳನ್ನ ಕೊಲ್ಲಲೂಬಹುದು. ಯಾರಾದರೂ ಒಂದು ದಿನ ನೋಡುತ್ತಾರೆ. ಆದರೆ ನಿಮ್ಮ ಮೈ ಬಟ್ಟಲಲ್ಲ. ನೀವು ಕುಡಿದದ್ದರಲ್ಲಿ ಪಿಂಡಕ್ಕೆ ಮುಟ್ಟೋದು ಎಷ್ಟು, ಯಾರಿಗೆ ಗೊತ್ತು?" ಎಂದರು. ಹೆಚ್ಚು ಓದದಿದ್ದರೂ ಇದು ನನಗೆ ತಿಳಿಯಿತು. ಕೆರೆಯ ತೂಬು ಎತ್ತಿದ ಮಾತ್ರಕ್ಕೆ ಕೊನೆಯ ಗದ್ದೆ ನೆನೆಯುವುದಿಲ್ಲ.

ತಿಳಿದರೇನು, ಆಪರೇಷನ್ ಮೇಜಿನ ಮೇಲೆ ಮಲಗಿಸಿದಾಗ, "ಸಾ, ಎಡಗಡೇದು. ಬಲಗಡೇದು ಮುಟ್ಬ್ಯಾಡಿ" ಎಂದು ಬಲ ಪಕ್ಕೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದೆ. ಎಚ್ಚರ ತಪ್ಪಿದ ಮೇಲೂ ಆ ಕೈ ತೆಗೆಯಲು ಇಬ್ಬರು ಬೇಕಾದರಂತೆ.

ಈಗ ಯಾರಾದರೂ ಕೇಳಿದರೆ, "ಹುಲಿ ಹಂಗೆ ಹೋಗಿ ಮಲಗಿದೆ ಕಣಪ್ಪ" ಎನ್ನುತ್ತೇನೆ. ಒಳಗಿನಿಂದ ಕೆಂಪಮ್ಮ ಕೆಮ್ಮುತ್ತಾಳೆ. ನನಗೀಗ ಇರುವುದು ಮೂರು ಎಕರೆ ಗದ್ದೆ, ಎರಡು ಎತ್ತು, ಒಬ್ಬಳು ಹೆಂಡತಿ, ಒಂದು ಮೂತ್ರಪಿಂಡ.