ನಗುವಿಗೆ ಅರ್ಧ ದಿನದ ಕೂಲಿ

ನನ್ನ ಹೆಂಡತಿಗೆ ಅರ್ಧ ದಿನದ ಕೂಲಿ ಬರಬೇಕಾಗಿದೆ. ಏಳು ತಿಂಗಳಾಯಿತು, ಇನ್ನೂ ಬಂದಿಲ್ಲ. ಅವಳು ಮಾಡಿದ ಕೆಲಸ ಏನೆಂದರೆ, ನಗುವುದು. ಮರದ ಬೆಂಚಿನ ಮೇಲೆ ಕೂತು, ಕೈಯಲ್ಲಿ ಖಾಲಿ ಕಪ್ಪು ಹಿಡಿದು, ಪಕ್ಕದಲ್ಲಿದ್ದ ಗಂಡಸಿನ ಮುಖ ನೋಡುತ್ತ, ಕಣ್ಣು ಮುಚ್ಚಿಹೋಗುವಷ್ಟು ನಗುವುದು. ಆ ಗಂಡಸು ನಾನಲ್ಲ. ಇಷ್ಟು ಓದಿದ ಕೂಡಲೇ 'ಈ ಲೇಖನ ಕೂಲಿಯ ಬಗ್ಗೆ ಅಲ್ಲ' ಎಂದು ನಿಮಗೆ ಅನಿಸಿದರೆ ಅದು ನಿಮ್ಮ ಕೆಟ್ಟ ಬುದ್ಧಿ. ಮೂವತ್ತೊಂದು ವರ್ಷ ಬಸ್ ಡಿಪೋದ ಕಾರ್ಮಿಕ ಸಂಘದಲ್ಲಿ ಗಂಟಲು ಹರಿದುಕೊಂಡವನು ನಾನು. ನನಗೆ ಯಾವತ್ತೂ ಕೂಲಿಯ ಪ್ರಶ್ನೆಯೇ ಮುಖ್ಯ.

(ಆ ಗಂಡಸು ನನ್ನ ಷಡ್ಡಕ.)

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಅದೇ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದ. ಎಲ್ಲರೂ 'ಗಡಿಯಾರ' ಎಂದೇ ಕರೆಯುತ್ತಿದ್ದರು. ನಾವು ಹತ್ತೊಂಬತ್ತು ದಿನ ಗೇಟಿನ ಮುಂದೆ ಕೂತು ಮುಷ್ಕರ ಮಾಡಿದಾಗ, ಹಿಂದಿನ ಗೇಟಿನಿಂದ ಒಳಗೆ ನುಸುಳಿ, ನರಪಿಳ್ಳೆಯಿಲ್ಲದ ಡಿಪೋದಲ್ಲಿ ಕೂತು, ನಮಗೆಲ್ಲ ಒಬ್ಬೊಬ್ಬರಿಗೂ ಗೈರುಹಾಜರಿ ಹಾಕಿ ಬರುತ್ತಿದ್ದ ಮಹಾನುಭಾವ. ಅದನ್ನು ನಾನು ಎಂದೋ ಮರೆತಿದ್ದೇನೆ. ಅವನು ನುಸುಳುತ್ತಿದ್ದುದು ಬೆಳಗ್ಗೆ ಎಂಟೂ ಹತ್ತಕ್ಕೆ, ನೀಲಿ ಸ್ವೆಟರ್ ಹಾಕಿಕೊಂಡು, ಎಂಬುದು ಕೂಡ ನನಗೆ ನೆನಪಿಲ್ಲ. ನನಗೆ ಹೊಟ್ಟೆಯುರಿ ಇರುವುದು ಅವನ ಕೂದಲಿನ ಮೇಲೆ ಮಾತ್ರ. ಎಪ್ಪತ್ತು ಹತ್ತಿರವಾದರೂ ತಲೆ ತುಂಬ ಬೆಳ್ಳಿಯಂಥ ಕೂದಲು. ನನ್ನ ಕೂದಲು ಪೊಲೀಸರ ಲಾಠಿಗೆ ಉದುರಿತೆಂದು ನಾನು ಹೇಳಿಕೊಂಡು ತಿರುಗುತ್ತೇನೆ. ನನ್ನ ಹೆಂಡತಿ ನಾಲ್ಕು ಜನರ ಮುಂದೆಯೇ, "ಲಾಠಿ ಬಿದ್ದಿದ್ದು ಬೆನ್ನಿಗೆ" ಎಂದು ತಿದ್ದುತ್ತಾಳೆ.

ಒಂದು ಭಾನುವಾರ ಈ ಗಡಿಯಾರ ನಮ್ಮ ಮನೆಗೆ ಬಂದ. ಕೈಯಲ್ಲಿ ಹೊಳೆಯುವ ಕಾಗದದ ಪುಸ್ತಿಕೆ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಯಾರದೋ ಪ್ಯಾಂಟಿನ ಜಿಪ್ ಬದಲಿಸುತ್ತಿದ್ದಳು. (ಹಳೆಯ ಬಟ್ಟೆ ಸರಿಮಾಡಿಕೊಡುವುದು ಅವಳ ಕಸುಬು. ಹೊಸ ಬಟ್ಟೆ ಹೊಲಿಯುವುದಿಲ್ಲ. 'ಕೆಟ್ಟಿದ್ದನ್ನ ಸರಿಮಾಡೋದೇ ನನಗೆ ಅಭ್ಯಾಸ ಆಗೋಗಿದೆ' ಎನ್ನುವಾಗ ಅವಳು ನನ್ನ ಕಡೆ ನೋಡುತ್ತಾಳೆ.)

ಪುಸ್ತಿಕೆಯ ಹೆಸರು 'ಎರಡನೇ ಬೆಳಗು'. ನಿವೃತ್ತರಿಗಾಗಿ ಊರಾಚೆ ಮನೆಗಳ ಸಾಲು ಕಟ್ಟಿಸುವ ಕಂಪನಿಯದು. ಮೊದಲಿನಿಂದ ಕೊನೆಯವರೆಗೆ ಓದಿದೆ. ಮುಪ್ಪು ಎಂಬ ಮಾತು ಒಂದು ಕಡೆಯೂ ಇಲ್ಲ. ಅದರಲ್ಲಿರುವ ಮುದುಕರೆಲ್ಲ ಸೈಕಲ್ ಹೊಡೆಯುತ್ತಾರೆ, ಚಿತ್ರ ಬರೆಯುತ್ತಾರೆ, ಹಣ್ಣಿನ ತಟ್ಟೆ ನೋಡಿ ನಗುತ್ತಾರೆ. ಹಣ್ಣಿನಲ್ಲಿ ಅಷ್ಟು ನಗುವಂಥದ್ದು ಏನಿದೆಯೋ ನನಗಂತೂ ತಿಳಿಯಲಿಲ್ಲ. ಒಬ್ಬರ ಕೈಯಲ್ಲೂ ಊರುಗೋಲಿಲ್ಲ, ಒಬ್ಬರಿಗೂ ಕೆಮ್ಮಿಲ್ಲ.

"ಷೇರು ತಗೊಳ್ಳಪ್ಪ," ಎಂದ ಷಡ್ಡಕ. "ನಾನು ತಗೊಂಡೆ. ಮನೇನೂ ಬುಕ್ ಮಾಡಿದ್ದೀನಿ. ಮುದುಕರು ಹೆಚ್ತಾನೇ ಇರ್ತಾರೆ, ಈ ಸರಕು ಖಾಲಿಯಾಗಲ್ಲ."

"ಸರಕಾ? ನೀನೂ ನಾನೂ ಸರಕಾ?"

"ಷೇರು ತಗೊಂಡ್ರೆ ಅಂಗಡಿ ಯಜಮಾನ. ತಗೊಳ್ದಿದ್ರೆ ಸರಕು."

"ನಾನು ಜೀವಮಾನವೆಲ್ಲ ಬಂಡವಾಳದ ವಿರುದ್ಧ ಬಡಿದಾಡಿದವನು ಕಣಯ್ಯ."

"ಅದಕ್ಕೇ ನಿಮ್ಮ ಹತ್ರ ಬಂಡವಾಳ ಇಲ್ಲ," ಎಂದಳು ಹೆಂಡತಿ, ಹಲ್ಲಿನ ಮಧ್ಯೆ ದಾರ ಇಟ್ಟುಕೊಂಡೇ. "ನಿಮ್ಮ ನಿವೃತ್ತಿ ದುಡ್ಡು ಬ್ಯಾಂಕಲ್ಲಿ ನಿಮ್ಮ ಹಾಗೇ ಬಿದ್ಕೊಂಡಿದೆ. ಬೇಡ ಅಂದ್ರೆ ಬಿಡಿ. ನನ್ನ ಹೊಲಿಗೆ ದುಡ್ಡಲ್ಲಿ ನಾನೇ ತಗೋತೀನಿ. ಭಾವ ಫಾರ್ಮ್ ತುಂಬಿ ಕೊಡ್ತಾರೆ. ಅಲ್ವಾ ಭಾವ?"

ಭಾವ ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದ. ನನ್ನ ಹೆಂಡತಿಯ ಫಾರ್ಮನ್ನು ಆ ಗಡಿಯಾರ ತುಂಬುವುದೇ? ಆ ಪೆನ್ನನ್ನು ಕಿತ್ತುಕೊಂಡು ನಾನೇ ತುಂಬಿದೆ, ನನ್ನ ಹೆಸರಿನಲ್ಲೇ ರುಜು ಹಾಕಿದೆ. ಶತ್ರುವಿನ ಕೋಟೆಯೊಳಗೆ ಕಾಲಿಡಲು ಇದೊಂದು ಹೋರಾಟದ ತಂತ್ರ ಎಂದು ನನಗೆ ನಾನೇ ವಿವರಣೆ ಕೊಟ್ಟುಕೊಂಡೆ. ಆ ವಿವರಣೆಯನ್ನು ನಾನು ಮರುಮಾತಿಲ್ಲದೆ ಒಪ್ಪಿದೆ.

ತಿಂಗಳೊಳಗೆ ಕಂಪನಿಯವರು ಹೊಸ ಷೇರುದಾರರನ್ನು ಕುಟುಂಬ ಸಮೇತ ಹಿರಿಯರ ಗ್ರಾಮ ನೋಡಲು ಕರೆದರು. ಪುಕ್ಕಟೆ ಬಸ್ಸು, ಪುಕ್ಕಟೆ ಊಟ. ನಮ್ಮನ್ನು ಸುತ್ತಾಡಿಸಿದ ಮಾರ್ಕೆಟಿಂಗ್ ಮೇಡಂ ಯಾರೋ ಸತ್ತರು ಎನ್ನುವುದೇ ಇಲ್ಲ, "ಮನೆ ತೆರವಾಯಿತು" ಎನ್ನುತ್ತಾರೆ. ಮಾದರಿ ಮನೆಯಲ್ಲಿ ಬಚ್ಚಲಿಗೆ ಹಿಡಿಕೆ, ಮಂಚದ ಪಕ್ಕ ಕರೆಗಂಟೆ, ಮೇಜಿನ ಮೇಲೆ ಮೇಣದ ಸೇಬು. (ಕಚ್ಚಿ ನೋಡಿದ್ದರಿಂದ ಗೊತ್ತು.) ಊಟ ಗಡದ್ದಾಗಿತ್ತು. ನನ್ನ ಹೆಂಡತಿಯ ಅಕ್ಕ ಆ ಮಾದರಿ ಮಂಚದ ಮೇಲೆ ಐದು ನಿಮಿಷ ಎಂದು ಒರಗಿದವರು ಗೊರಕೆಗೆ ಇಳಿದರು.

ಆಗ ಬಂದಳು ಫೋಟೋ ತೆಗೆಯುವ ಹುಡುಗಿ. ಹೊಸ ಪ್ರಚಾರಕ್ಕೆ ನಿಜವಾದ ಹಿರಿಯ ಜೋಡಿ ಬೇಕಂತೆ, ಅರ್ಧ ದಿನದ ಕೂಲಿ ಕೊಡುತ್ತಾರಂತೆ. ನನ್ನ ಹೆಂಡತಿಯನ್ನು ನೋಡಿದ್ದೇ, "ಅಮ್ಮಾ, ನೀವು ಬನ್ನಿ" ಎಂದಳು. ನಾನೂ ಎದೆ ಉಬ್ಬಿಸಿ ಬೆಂಚಿನ ಮೇಲೆ ಕೂತೆ. ಹುಡುಗಿ ಕ್ಯಾಮೆರಾದೊಳಗೆ ಇಣುಕಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ಮತ್ತೆ ಇಣುಕಿದಳು.

"ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಮುಖ ನೋಡಿದ್ರೆ ಏನೋ ಕೇಳೋಕೆ ಬಂದು ಕೂತಿರೋ ಹಾಗಿದೆ."

"ಕೇಳಬೇಕಾದ್ದು ಬೇಕಾದಷ್ಟಿದೆ ತಾಯಿ."

"ಅದೇ ಸಾರ್. ಸ್ವಲ್ಪ ಈಚೆ ಬರ್ತೀರಾ? ಆ ಬಿಳಿ ಕೂದಲಿನ ಸಾರ್, ನೀವು ಬನ್ನಿ."

ಬಿಳಿ ಕೂದಲು ಬಂತು. ಅದಕ್ಕೊಂದು ಕೋಟು ತೊಡಿಸಿದರು. ನನ್ನ ಕೈಗೆ ಬೆಳಕು ಬೀಳಿಸುವ ಬಿಳಿ ಹಲಗೆಯೊಂದನ್ನು ಕೊಟ್ಟು ದೂರ ನಿಲ್ಲಿಸಿದರು. ನನ್ನ ಹೆಂಡತಿಯ ಪಕ್ಕದಲ್ಲಿ ಕೂತವನ ಮುಖಕ್ಕೆ ಬೆಳಕು ಹಿಡಿದವನು ನಾನೇ. ಇದನ್ನು ನಾನು ಈವರೆಗೆ ಸಂಘದಲ್ಲಿ ಯಾರಿಗೂ ಹೇಳಿಲ್ಲ. ಹಲಗೆ ಅಡ್ಡವಾಗಿದ್ದರಿಂದ ಅವಳು ನಕ್ಕದ್ದು ನನಗೆ ಕಾಣಲಿಲ್ಲ, ಕೇಳಿಸಿತು ಅಷ್ಟೇ.

ಕಂಡದ್ದು ಮುಂದಿನ ತಿಂಗಳು. ಡಿಪೋ ಗೇಟಿನ ಎದುರಿಗೆ, ನಾವು ಹತ್ತೊಂಬತ್ತು ದಿನ ಕೂತಿದ್ದ ಜಾಗದ ನೆತ್ತಿಯ ಮೇಲೆ, ಹದಿನೆಂಟು ಅಡಿ ಅಗಲದ ಹೋರ್ಡಿಂಗ್. 'ನಿಮ್ಮ ಬಾಳ ಸಂಗಾತಿಯೊಂದಿಗೆ, ನಿಮ್ಮ ಎರಡನೇ ಬೆಳಗು.' ಬಾಳ ಸಂಗಾತಿ, ಗಡಿಯಾರ! ಪುಸ್ತಿಕೆಯ ಮೊದಲ ಪುಟದಲ್ಲೂ ಅದೇ. ಐದನೇ ಪುಟದಲ್ಲಿ ಅಕ್ಕ ಬಾಯಿ ತೆರೆದು ಮಲಗಿದ್ದಾರೆ, ಕೆಳಗೆ 'ನಿಶ್ಚಿಂತೆಯ ನಿದ್ರೆ'.

ಎದುರಿನ ಚಹಾದಂಗಡಿಯಲ್ಲಿ ನನ್ನ ಹಳೆಯ ಸಂಗಾತಿಗಳು ಸಾಲಾಗಿ ಕೂತು ಮೇಲೆ ನೋಡುತ್ತಿದ್ದರು. ಫಿಟ್ಟರ್ ಒಬ್ಬ ಗಂಭೀರವಾಗಿ ಕೇಳಿದ:

"ಸೆಕ್ರೆಟರಿ, ಅತ್ತಿಗೆ ಚೆನ್ನಾಗಿ ಬಂದಿದಾರೆ. ಪಕ್ಕದಲ್ಲಿರೋ ಯಜಮಾನ್ರು ಯಾರು?"

ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ.

"ಯಾಕೆ ಹಾಗೆ ನಕ್ಕೆ?"

"ನಗಿ ಅಂದ್ರು, ನಕ್ಕೆ."

"ನಾನು ಹೇಳಿದಾಗ ಯಾವತ್ತಾದ್ರೂ ಹಾಗೆ ನಕ್ಕಿದ್ದೀಯಾ? ನಲವತ್ತು ವರ್ಷ ಆಯ್ತು."

"ನೀವು ನಗು ಅಂತ ಯಾವಾಗ ಹೇಳಿದ್ರಿ? ಒಗ್ಗಟ್ಟಾಗಿರು ಅಂದ್ರಿ. ಇದ್ದೀನಿ."

ಆ ರೀತಿ ನಗುವುದಕ್ಕೆ ಗಡಿಯಾರ ಏನು ಹೇಳಿದ ಎಂದು ಕೇಳಿದೆ. "ಅವ್ರೇನೂ ಹೇಳ್ಲಿಲ್ಲ" ಎಂದು ಯಂತ್ರ ತುಳಿಯಲು ಶುರುಮಾಡಿದಳು. ಏನೂ ಹೇಳದೆಯೇ ನಗಿಸುತ್ತಾನೆಂದರೆ, ಬಾಯಿ ಬಿಟ್ಟರೆ ಇನ್ನೇನು ಗತಿ? ನಾನು ದಿನಾ ಎರಡು ಗಂಟೆ ಮಾತಾಡುತ್ತೇನೆ, ಅವಳು ಆಕಳಿಸುತ್ತಾಳೆ.

ಕೂತು ಬೇಡಿಕೆ ಪಟ್ಟಿ ಬರೆದೆ. ಒಂದು, ನನ್ನ ಹೆಂಡತಿಯ ಅರ್ಧ ದಿನದ ಕೂಲಿ. ಎರಡು, ಹೋರ್ಡಿಂಗ್ ತೆರವು. ಮೂರನೆಯದು ಹೊಳೆಯಲಿಲ್ಲ. ಆದರೆ ಎರಡೇ ಬೇಡಿಕೆಯ ಪಟ್ಟಿಯನ್ನು ನಾನು ಜನ್ಮದಲ್ಲಿ ಬರೆದವನಲ್ಲ, ಆದ್ದರಿಂದ 'ಮೇಲಿನ ಎರಡನ್ನೂ ಕೂಡಲೇ ಈಡೇರಿಸುವುದು' ಎಂದು ಸೇರಿಸಿದೆ. ಕಂಪನಿಯಿಂದ ಉತ್ತರ ಬಂತು: 'ನಿಮ್ಮ ಅಮೂಲ್ಯ ಅನಿಸಿಕೆಗೆ ಧನ್ಯವಾದಗಳು.' ಜೊತೆಗೆ ಇನ್ನೊಂದು ಪುಸ್ತಿಕೆ. ಮತ್ತೆ ಅದೇ ಮೊದಲ ಪುಟ.

ಸರಿ, ಷೇರುದಾರರ ವಾರ್ಷಿಕ ಮಹಾಸಭೆಯಲ್ಲೇ ಎದ್ದು ನಿಂತು ಮಾನ ಹರಾಜು ಹಾಕುತ್ತೇನೆಂದು ಹೊರಟೆ. ಹೆಂಡತಿ, ಅಕ್ಕ, ಷಡ್ಡಕ ಎಲ್ಲ ಬಂದರು. ಮೂರನೇ ಸಾಲು. ಮೆತ್ತನೆಯ ಕುರ್ಚಿ, ಮೆತ್ತಗೆ ಕೂತು ಹೋರಾಟ ಮಾಡಿ ನನಗೆ ಅಭ್ಯಾಸವಿಲ್ಲ. ನನ್ನ ಎಡಕ್ಕೆ ಹೆಂಡತಿ, ಅವಳ ಎಡಕ್ಕೆ ಗಡಿಯಾರ. ಜಾಗ ಬದಲಿಸೋಣವೆಂದು ಎರಡು ಸಲ ಎದ್ದೆ, ಎರಡು ಸಲವೂ ಹಿಂದಿನವರು "ಕೂತ್ಕೊಳ್ಳಿ" ಎಂದರು.

ಅಧ್ಯಕ್ಷರು ಲಾಭದ ಲೆಕ್ಕ ಓದುತ್ತಿದ್ದರು. ಈ ವರ್ಷ ಮನೆಗಳು ಬೇಗ ಬೇಗ ತೆರವಾದವು, ಬಹಳ ಸಂತೋಷ ಎಂದರು. ಪ್ರತಿ ಮನೆ ತೆರವಾದಾಗಲೂ ನಿವಾಸಿಯ ಠೇವಣಿಯಲ್ಲಿ ಕಾಲು ಭಾಗ ಕಂಪನಿಗೆ ಉಳಿಯುತ್ತದೆ, ಅದರಿಂದಲೇ ನಮ್ಮ ಲಾಭಾಂಶ ಎಂದರು. ಹಳೆಯ ನಾನಾಗಿದ್ದರೆ ಅಲ್ಲೇ ಮೇಜು ಕುಟ್ಟಿ, 'ಅಂದರೆ ಮುದುಕರು ಬೇಗ ಸತ್ತಷ್ಟೂ ನಮಗೆ ಲಾಭ ಎನ್ನುತ್ತೀರಾ' ಎಂದು ಸಭೆಯನ್ನೇ ನಿಲ್ಲಿಸುತ್ತಿದ್ದೆ. ಆದರೆ ಅದೇ ಹೊತ್ತಿಗೆ ಗಡಿಯಾರ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ನನ್ನ ಹೆಂಡತಿಯ ಮುಂದೆ ಹಿಡಿದ. ಅವಳು ತೆಗೆದುಕೊಂಡಳು. ನಾನು ಆ ಪೆಪ್ಪರ್‌ಮಿಂಟ್ ಯಾವ ಕೆನ್ನೆಯಲ್ಲಿದೆ ಎಂದು ನೋಡುತ್ತ ಕೂತೆ. ಅಧ್ಯಕ್ಷರು ಮುಂದೇನು ಹೇಳಿದರೋ ಕಿವಿಗೆ ಬೀಳಲಿಲ್ಲ.

'ಪ್ರಚಾರ' ಎಂಬ ಶಬ್ದ ಬಿತ್ತು. ಹೋರ್ಡಿಂಗ್ ವಿಷಯ ಬಂತು ಎಂದು ಧಡಕ್ಕನೆ ಎದ್ದೆ. ಅಷ್ಟರಲ್ಲಿ ಅಧ್ಯಕ್ಷರು, "ಒಪ್ಪಿಗೆ ಇರುವವರು ಕೈ ಎತ್ತಿ" ಎಂದರು. ಇನ್ನೂರು ಕೈ ಒಮ್ಮೆಲೇ ಮೇಲೆದ್ದವು.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಮೂವತ್ತೊಂದು ವರ್ಷ ಸುತ್ತಲೂ ಕೈಗಳು ಎದ್ದಾಗಲೆಲ್ಲ ಎದ್ದ ಕೈ ನನ್ನದು. ಅದು ನನ್ನನ್ನು ಕೇಳಿ ಏಳುವುದಿಲ್ಲ. ಎದ್ದರೆ ಮುಷ್ಟಿ ಕಟ್ಟುತ್ತದೆ, ಮುಷ್ಟಿ ಕಟ್ಟಿದರೆ ಬಾಯಿ ತೆರೆಯುತ್ತದೆ.

"ಆಗಲೇಬೇಕು!" ಎಂದು ಕೂಗಿದೆ.

"ಆಗಲೇಬೇಕು," ಎಂದಿತು ಸಭೆ, ಖುಷಿಯಲ್ಲಿ. ಕ್ಯಾಮೆರಾ ಮಿಂಚಿತು. ಅಧ್ಯಕ್ಷರು ಕನ್ನಡಕ ತೆಗೆದು, "ಇಂಥ ಷೇರುದಾರರೇ ನಮ್ಮ ಆಸ್ತಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೂತೆ.

ಬಸ್ಸಿನಲ್ಲಿ ಅಕ್ಕ ಮೊದಲು ಬಾಯಿ ಬಿಟ್ಟರು. "ಏನಪ್ಪಾ, ಎಂಥಾ ಕೆಲಸ ಮಾಡಿದೆ? ಠೇವಣೀಲಿ ಕಾಲು ಭಾಗ ಹಿಡ್ಕೊಳ್ತಿದ್ರು, ಇನ್ಮೇಲೆ ಮೂರನೇ ಒಂದು ಭಾಗ ಅಂತೆ. ಪ್ರಚಾರದ ಖರ್ಚಿಗೆ. ನೀನೇ ಎದ್ದು ಆಗಲೇಬೇಕು ಅಂದ್ಯಲ್ಲ."

ಗಡಿಯಾರ ಕಿಟಕಿಯಾಚೆ ನೋಡುತ್ತಿದ್ದ. "ಹತ್ತೊಂಬತ್ತು ದಿನ ನಾನು ನಿಮಗೆ ಮಾಡಿದ್ದನ್ನ ನೀನು ಒಂದೇ ಕೈಯಲ್ಲಿ ತೀರಿಸಿಬಿಟ್ಟೆ," ಎಂದ.

ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಮೂರನೇ ಒಂದು ಭಾಗ ಹೋಗುವುದು ಅವನದಲ್ಲವೇ? ನನ್ನದೇನು ಹೋಯಿತು? ಹೆಂಡತಿಯ ಕಡೆ ತಿರುಗಿ ಮೆಲ್ಲಗೆ, "ನೋಡಿದ್ಯಾ?" ಎಂದೆ.

"ನೋಡಿದೆ," ಎಂದಳು. "ಅವ್ರ ಪಕ್ಕದ ಮನೆಗೆ ನಾನೂ ಮುಂಗಡ ಕೊಟ್ಟಿದ್ದೀನಿ. ಇಬ್ಬರ ಹೆಸರಲ್ಲೂ. ನಿಮ್ಮ ಹುಟ್ಟಿದ ದಿನಕ್ಕೆ ಹೇಳೋಣ ಅಂತಿದ್ದೆ."

ನನ್ನ ಹೆಸರು ಅವಳ ಹೆಸರಿನ ಪಕ್ಕ ಇದೆ ಎಂದು ಕುಣಿಯಬೇಕೋ, ಗಡಿಯಾರದ ಗೋಡೆಗೆ ನಮ್ಮ ಗೋಡೆ ಅಂಟಿಕೊಂಡಿದೆ ಎಂದು ಅಳಬೇಕೋ, ನಮ್ಮ ಠೇವಣಿಯ ಕತ್ತು ನಾನೇ ಕೊಯ್ದೆ ಎಂದು ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ, ಬಸ್ಸಿನ ಗೇರ್ ಸರಿಯಾಗಿ ಬೀಳುತ್ತಿಲ್ಲ ಎಂದು ಡ್ರೈವರನ ಮೇಲೆ ರೇಗಿದೆ.

ಹೋದ ವಾರ ಡಿಪೋ ಎದುರಿನ ಹೋರ್ಡಿಂಗ್ ಬದಲಾಯಿತು. ಷಡ್ಡಕ ಇಳಿದ, ನಾನು ಏರಿದೆ. ಮುಷ್ಟಿ ಆಕಾಶಕ್ಕೆ, ಬಾಯಿ ಕಿವಿಯವರೆಗೆ. ಕೆಳಗೆ, 'ಎಂಬತ್ತರಲ್ಲೂ ಇಪ್ಪತ್ತರ ಹುರುಪು'. ನನಗೆ ಅರವತ್ತಾರು. ಫಿಟ್ಟರ್ ಚಹಾದಂಗಡಿಯಲ್ಲಿ ನನಗೆ ಜಾಗ ಬಿಟ್ಟುಕೊಟ್ಟು, "ಕೂತ್ಕೊಳ್ಳಿ ತಾತ" ಎಂದ. ನನ್ನ ಕೂಲಿಯೂ ಬಂದಿಲ್ಲ. ಹೊಸ ಪುಸ್ತಿಕೆಯಲ್ಲಿ ಮೊದಲ ಪುಟ ಗಡಿಯಾರದ್ದೇ; ನಾನು ಕೊನೆಯ ಪುಟ. ಆದರೆ ಆ ಕೊನೆಯ ಪುಟದಲ್ಲಿ ನನ್ನ ಮೊಣಕೈ ಪಕ್ಕ ಅವಳಿದ್ದಾಳೆ. ನಗುತ್ತಿದ್ದಾಳೆ. ಕಣ್ಣು ಮುಚ್ಚಿಹೋಗಿದೆ.

ಎರಡು ಪುಟವನ್ನೂ ಅವಳ ಹೊಲಿಗೆ ಯಂತ್ರದ ಮೇಲೆ ಇಟ್ಟೆ.

"ಮೊದಲು ಇದನ್ನ ಹೇಳು. ಬೆಂಚಿನ ಮೇಲೆ ಯಾಕೆ ನಕ್ಕೆ?"

"ಇನ್ನೂ ಬಿಟ್ಟಿಲ್ವಾ ಅದನ್ನ? ಆ ಕೋಟು ಭಾವನಿಗೆ ದೊಡ್ಡದಾಗಿತ್ತು. ಬೆನ್ನ ಹಿಂದೆ ಹನ್ನೆರಡು ಗುಂಡುಪಿನ್ನು ಹಾಕಿ ಬಿಗಿದಿದ್ರು. ಒಂದು ಚುಚ್ತು. ಆ ಮುಖ ನೋಡಿ ನಗು ತಡ್ಕೊಳ್ಳೋಕೆ ಆಗ್ಲಿಲ್ಲ."

ಏಳು ತಿಂಗಳು ನನ್ನನ್ನು ಸುಟ್ಟದ್ದು ಒಂದು ಗುಂಡುಪಿನ್ನು. ಎದೆ ಹಗುರಾಯಿತು. ಆದರೆ ಮರುಕ್ಷಣವೇ ಇನ್ನೊಂದು ಪುಟದ ಮೇಲೆ ಬೆರಳಿಟ್ಟೆ.

"ಹಾಗಾದ್ರೆ ಇಲ್ಲಿ? ನನಗೆ ಪಿನ್ನೂ ಇರಲಿಲ್ಲ, ಕೋಟೂ ಇರಲಿಲ್ಲ."

ಅವಳು ಆ ಪುಟವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ದಾರವನ್ನು ಹಲ್ಲಿನಿಂದ ಕತ್ತರಿಸಿ, ಇನ್ನೊಂದು ಪ್ಯಾಂಟು ಎತ್ತಿಕೊಂಡಳು.

ಆದ್ದರಿಂದ ಓದುಗರೇ, ಈ ಪ್ರಶ್ನೆ ಈಗ ನಿಮ್ಮ ಮುಂದಿದೆ. ಆ ಪುಸ್ತಿಕೆ ನಿಮ್ಮ ಮನೆ ಬಾಗಿಲ ಸಂದಿಯಿಂದಲೂ ಒಳಗೆ ಬಿದ್ದಿರುತ್ತದೆ. ಅದನ್ನು ರದ್ದಿಗೆ ಹಾಕಬೇಡಿ. ಮೊದಲ ಪುಟ ಹರಿಯಿರಿ, ಕೊನೆಯ ಪುಟ ಹರಿಯಿರಿ, ಬೆಳಕಿನಲ್ಲಿ ಅಕ್ಕಪಕ್ಕ ಇಡಿ. ಯಾವ ನಗು ದೊಡ್ಡದು? ಕಣ್ಣು ಯಾವುದರಲ್ಲಿ ಹೆಚ್ಚು ಮುಚ್ಚಿದೆ? ಹದಿನೈದು ದಿನದೊಳಗೆ ಬರೆದು ತಿಳಿಸಿ, ಕೆಳಗೆ ರುಜು ಹಾಕಿ. ಬಾಯಿಮಾತಿನ ಭರವಸೆ ಬೇಡ. ಅಂಥವನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ.