ಡಾಕ್ಟರು ಕೇಳಿದರೆ ಆರಾಮ ಅನ್ನಬಾರದು

ಇದು ನಡೆದದ್ದು ಹೋದ ವರ್ಷ, ಆಷಾಢದಿಂದ ಗಣಪತಿ ಹಬ್ಬದವರೆಗೆ. ಪೆಟ್ಟು ಬಿದ್ದ ಮನೆಯನ್ನೇ ನಗೆಪಾಟಲಿನ ಸಂಗತಿಗಳು ಯಾಕೆ ಹುಡುಕಿಕೊಂಡು ಬರುತ್ತವೋ ತಿಳಿಯದು. ನಮ್ಮಲ್ಲಿಗೆ ಸಾಲಾಗಿ ಬಂದವು. ಬಂದಾಗ ಮಾತ್ರ ಒಬ್ಬರಿಗೂ ನಗು ಬರಲಿಲ್ಲ.

ಅಪ್ಪ ಶಿವಮೊಗ್ಗದಲ್ಲಿ ಬೀದಿದೀಪ ರಿಪೇರಿ ಮಾಡುವ ನೌಕರರು. ರಾಗಿಗುಡ್ಡದ ಹತ್ತಿರ ಏಣಿಯಿಂದ ಬಿದ್ದು ಬಲ ಭುಜ, ಬಲ ಮೊಣಕೈ ಎರಡೂ ಮುರಿದವು. ಒಳಗೆ ಪ್ಲೇಟು ಕೂರಿಸಿದ್ದಾರೆ. ಪಿಂಚಣಿ ಸಿಗಬೇಕಾದರೆ ಡಾಕ್ಟರುಗಳ ಮಂಡಳಿ ಅಂಗವೈಕಲ್ಯವನ್ನು ಶೇಕಡಾ ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆಯಬೇಕು ಅಂತ ಕಚೇರಿಯಲ್ಲಿ ಹೇಳಿದರು. ಕಡಿಮೆ ಬರೆದರೆ ಕೆಲಸಕ್ಕೆ ಯೋಗ್ಯ ಎಂದರ್ಥ. ಮತ್ತೆ ಏಣಿ. ಬಿದ್ದ ಮೇಲೆ ಅಪ್ಪನಿಗೆ ಏಣಿ ಎಂಬ ಮಾತು ಕೇಳಿದರೂ ಬೆವರು. ಅಟ್ಟದ ಡಬ್ಬಿ ತೆಗೆಯಲು ಅಮ್ಮ ಸ್ಟೂಲು ಹತ್ತಿದರೆ ಅವರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

೧. ಮೊದಲ ಭೇಟಿ

ಮಂಡಳಿಯಲ್ಲಿ ಮೂವರು ಡಾಕ್ಟರು. ನಡುವೆ ಕೂತಿದ್ದ ಹಿರಿಯರು ತಲೆ ಎತ್ತಿ, "ಹೇಗಿದ್ದೀರಿ?" ಅಂದರು.

ಅಪ್ಪ ಎದ್ದು ನಿಂತರು. "ಆರಾಮಾಗಿದ್ದೀನಿ ಸಾರ್. ತಾವು?"

"ನೋವಿದೆಯಾ?"

"ಏನಿಲ್ಲ ಸಾರ್, ನಿಮ್ಮಂಥವರು ಇರೋವಾಗ."

"ಕೈ ಎತ್ತಿ."

ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಡಾಕ್ಟರು ಕಾಯುತ್ತಿದ್ದರು. ಅವರಿಗೆ ಬೇಸರವಾಗಬಾರದೆಂದು ಅಪ್ಪ ಸೊಂಟವನ್ನೇ ಎಡಕ್ಕೆ ವಾಲಿಸಿದರು. ಕೈ ಇನ್ನಷ್ಟು ಮೇಲೆ ಹೋಯಿತು. "ಇಷ್ಟು ಸಾಕಾ ಸಾರ್?"

ಡಾಕ್ಟರು ಏನೋ ಬರೆದುಕೊಂಡು, ಗಣಪತಿ ಹಬ್ಬದ ಹೊತ್ತಿಗೆ ಮತ್ತೊಮ್ಮೆ ಬರಲು ಹೇಳಿದರು.

ಹೊರಗೆ ಬಂದ ಮೇಲೆ ಅಮ್ಮ ಕೇಳಿದಳು, "ರೀ, ಹಾಗಾದ್ರೆ ಮನೇಲಿ ನರಳೋದು ಯಾರು?"

ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತ ಅಂದರು, "ಮೊದಲನೇ ಸಲ ನೋಡ್ತಿರೋದು ಕಣೇ. ಅಷ್ಟು ಬೇಗ ಅದನ್ನೆಲ್ಲ ಹೇಳ್ಕೊಳ್ಳೋಕಾಗುತ್ತಾ?"

೨. ಕೋನಮಾಪಕ

ನಾನು ಬಿಎಸ್ಸಿ, ಭೌತಶಾಸ್ತ್ರ. ಹೆದರಿಕೆಯಾದಾಗ ಏನನ್ನಾದರೂ ಅಳೆಯುತ್ತೇನೆ. ಹೈಸ್ಕೂಲಿನ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತೆಗೆದು, ವ್ಯಾಯಾಮ ಮುಗಿದ ಮೇಲೆ ಅಪ್ಪನ ಕೈ ಎಷ್ಟು ಏಳುತ್ತದೆ ಅಂತ ನೋಡತೊಡಗಿದೆ. ಕೆಲವು ವಾರ ಕಳೆದವು. ಗ್ರಾಫ್ ಹಾಳೆಯ ಗೆರೆ ನಿಧಾನವಾಗಿ ಮೇಲಕ್ಕೆ ಹೋಗುತ್ತಿತ್ತು.

"ಅಮ್ಮ, ಸುಧಾರಿಸ್ತಿದೆ," ಅಂದೆ.

ಅಮ್ಮ ಸೌಟು ಹಿಡಿದುಕೊಂಡೇ ಬಂದು ಹಾಳೆ ನೋಡಿದಳು. ಮುಖ ಬಿಳುಚಿಕೊಂಡಿತು. "ಎಷ್ಟು?"

"ಸ್ವಲ್ಪ. ಏಣಿ ಹತ್ತೋಕೆ ಸಾಲೋಷ್ಟಲ್ಲ."

"ಅದು ನಿನಗೆ ಗೊತ್ತು. ಅವರಿಗೆ ಗೊತ್ತಾ?"

ಒಂದೇ ಮನೆಯಲ್ಲಿ ಅಪ್ಪನ ಕೈ ಗುಣವಾಗಲಿ ಅಂತಲೂ, ಗುಣವಾದರೆ ಗತಿಯೇನು ಅಂತಲೂ ಹೆದರಿಕೊಂಡು ಕೂತಿದ್ದೆವು. ಅಪ್ಪ ಬಿದ್ದ ದಿನವೇ ಅಮ್ಮ ಕೈ ಗುಣವಾಗಲಿ ಅಂತ ಆಂಜನೇಯನಿಗೆ ಹರಕೆ ಹೊತ್ತಿದ್ದಳು. ಆ ಶನಿವಾರ ಗುಡಿಯಲ್ಲಿ ಅವಳ ಪಕ್ಕದಲ್ಲೇ ನಿಂತಿದ್ದೆ. ಕಣ್ಣು ಮುಚ್ಚಿ ಮೆಲ್ಲಗೆ ಹೇಳುತ್ತಿದ್ದಳು, "ಬೇಡ ಅಂತಲ್ಲ ತಂದೆ. ಹಬ್ಬ ಕಳೀಲಿ."

೩. ನ್ಯೂ ಟೌನ್‌ನಲ್ಲಿ ತರಬೇತಿ

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಸೋದರಮಾವ ಇದ್ದಾರೆ. ಕಾರ್ಖಾನೆಯಲ್ಲಿದ್ದಾಗ ಕಾರ್ಮಿಕ ಸಂಘದ ಕೆಲಸ ಮಾಡಿದವರು. ಯಾವ ಅಧಿಕಾರಿಯ ಮುಂದೆ ಏನು ಮಾತಾಡಬೇಕು ಅನ್ನುವುದು ತಮಗೊಬ್ಬರಿಗೇ ಗೊತ್ತು ಎಂಬ ನಂಬಿಕೆ. "ಭಾವನನ್ನ ಒಂದು ಭಾನುವಾರ ಕಳಿಸು, ತಿದ್ದಿ ಕಳಿಸ್ತೀನಿ," ಅಂತ ಅಮ್ಮನಿಗೆ ಹೇಳಿದರು. ಅಪ್ಪನ ಜೊತೆ ನಾನೂ ಹೋದೆ.

ಮಾವ ಕನ್ನಡಕ ಹಾಕಿಕೊಂಡು ಡಾಕ್ಟರಾದರು. "ಹೇಗಿದ್ದೀರಿ?"

"ಆರಾಮ."

"ಭಾವ, ಅದೊಂದು ಮಾತು ಬಾಯಿಗೆ ಬರಬಾರದು. ಕಷ್ಟ ಅನ್ನಿ. ಕೈ ಎತ್ತಿ ಅಂದ್ರೆ ಎತ್ತಲೇಬೇಡಿ. ಹೇಗಿದ್ದೀರಿ?"

"ಕಷ್ಟ. ಆದ್ರೂ ಆರಾಮ."

ಮಧ್ಯಾಹ್ನದ ಊಟದವರೆಗೂ ಇದೇ ನಡೆಯಿತು. ಕೊನೆಗೆ ಹೇಗೆ ಕೇಳಿದರೂ ಅಪ್ಪನ ಬಾಯಲ್ಲಿ "ಕಷ್ಟ ಸಾರ್" ಅಂತಲೇ ಬರತೊಡಗಿತು. ಮಾವ ಗೆದ್ದವರಂತೆ ಕಾಲು ಚಾಚಿದರು. ಆಗ ಪಕ್ಕದ ಮನೆಯ ತಮಿಳು ಅಜ್ಜಿ ಬಾಗಿಲಲ್ಲಿ ಇಣುಕಿ, "ಎಪ್ಪಡಿ ಇರುಕ್ಕೀಂಗ?" ಅಂತ ತಮ್ಮ ಭಾಷೆಯಲ್ಲಿ ಹೇಗಿದ್ದೀರಿ ಎಂದು ವಿಚಾರಿಸಿದರು.

ಮದುವೆಯಾದ ಹೊಸದರಲ್ಲಿ ಅದೇ ಬೀದಿಯಲ್ಲಿ ಕಲಿತ ನಾಲ್ಕು ಮಾತು ಅಪ್ಪನಿಗೆ ಇನ್ನೂ ಮರೆತಿರಲಿಲ್ಲ. ಕೈ ಮುಗಿದು, "ನಲ್ಲಾ ಇರುಕ್ಕೇನ್ ಪಾಟ್ಟಿ," ಅಂದರು. ಅಲ್ಲೂ ಅದೇ ಆರಾಮ.

ಮಾವ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ಕನ್ನಡದಲ್ಲಿ ಬಿಡಿಸಿದ್ದಾಯ್ತು. ಡಾಕ್ಟರು ತಮಿಳರಾಗದೆ ಇರಲಿ ಅಂತ ಬೇಡ್ಕೋ."

೪. ಬಸ್ಸಿನಲ್ಲಿ ಒಬ್ಬ

ವಾಪಸ್ ಬರುವ ಬಸ್ಸಿನಲ್ಲಿ ಬಿಳಿ ಅಂಗಿಯ ಒಬ್ಬರು ತೊಡೆಯ ಮೇಲೆ ಫೈಲು ಇಟ್ಟುಕೊಂಡು ಅಪ್ಪನ ಕೈಯನ್ನೇ ನೋಡುತ್ತಿದ್ದರು. ನಾನು ನೋಡಿದರೆ ಕಿಟಕಿಯ ಕಡೆ ತಿರುಗುತ್ತಿದ್ದರು.

"ಕಚೇರಿಯವರು ತನಿಖೆಗೆ ಕಳಿಸಿದ ಜನ," ಅಪ್ಪ ಪಿಸುಗುಟ್ಟಿದರು. ಕೈಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು. ಕಂಡಕ್ಟರಿಗೆ ಚಿಲ್ಲರೆಯನ್ನೂ ನನ್ನಿಂದಲೇ ಕೊಡಿಸಿದರು. ಆ ಮನುಷ್ಯ ಅದನ್ನೂ ನೋಡಿದರು. ಶಿವಮೊಗ್ಗದಲ್ಲಿ ಇಳಿಯುವಾಗ ಅಪ್ಪ ಬಾಗಿಲಲ್ಲಿ ಒಮ್ಮೆ ನರಳಿದರು. ಹಿಂದೆಯೇ ಇಳಿದ ಅವರೂ ನರಳಿದರು. ಅಣಕಿಸುತ್ತಿದ್ದಾರೆ ಅನ್ನಿಸಿ ನಾವು ಬೇಗಬೇಗ ಆಟೋ ಹತ್ತಿದೆವು.

ಮುಂದಿನ ವಾರ ಮಂಡಳಿಯ ಮುಂದಿನ ಬೆಂಚಿನಲ್ಲಿ ಅವರೇ ಕೂತಿದ್ದರು. ಭದ್ರಾವತಿಯಲ್ಲಿ ಕಸದ ಗಾಡಿ ಓಡಿಸುತ್ತಿದ್ದವರು, ಮಂಡಿ ಚಿಪ್ಪು ಒಡೆದಿತ್ತು. ಅಪ್ಪನನ್ನು ಕಂಡು ಎದ್ದರು.

"ನೀವೂ ಇದಕ್ಕೇ ಬಂದೋರಾ ಮಾರಾಯ್ರೆ? ನನ್ನ ಹಿಂದೆ ಬಿಟ್ಟ ತನಿಖೆಯವರು ಅಂದ್ಕೊಂಡು ಅವತ್ತಿಂದ ಕಿಟಕಿ ತೆಗೆದಿಲ್ಲ ನಾನು."

೫. ಪ್ರಸಾದ

ಒಳಗೆ ಹೋದೆವು. ಅದೇ ಹಿರಿಯ ಡಾಕ್ಟರು. "ಹೇಗಿದ್ದೀರಿ?"

"ಕಷ್ಟ ಸಾರ್."

ಅಮ್ಮ ಉಸಿರು ಬಿಟ್ಟಳು.

"ಕೈ ಎತ್ತಿ."

ಮಾವ ಹೇಳಿಕೊಟ್ಟಂತೆ ಅಪ್ಪ ಕೈ ಅಲ್ಲಾಡಿಸಲಿಲ್ಲ. ಡಾಕ್ಟರು ಹಳೆಯ ಹಾಳೆ ತಿರುವಿದರು. "ಹೋದ ಸಲ ಇಷ್ಟೆತ್ತರ ಎತ್ತಿದ್ರಿ. ಈಗ ಏಳೋದೇ ಇಲ್ವಾ?" ಪಕ್ಕದವರತ್ತ ನೋಡಿದರು. ಆ ನೋಟದ ಅರ್ಥ ನಮಗಾಯಿತು. ಅಪ್ಪನ ಹಣೆಯಲ್ಲಿ ಬೆವರು ಕಂಡಿತು. ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಅಟೆಂಡರ್ ತಟ್ಟೆ ಹಿಡಿದು ಬಂದ. ಸಿಬ್ಬಂದಿ ಕೂರಿಸಿದ ಗಣಪತಿಗೆ ಪೂಜೆ ಮುಗಿದಿತ್ತು. ಡಾಕ್ಟರುಗಳಿಗೆ ಪಂಚಕಜ್ಜಾಯ ಕೊಟ್ಟು, ಅಪ್ಪನ ಮುಂದೆಯೂ ನಿಂತ.

ಪ್ರಸಾದಕ್ಕೆ ಎಡಗೈ ಚಾಚುವುದುಂಟೇ? ಅಪ್ಪ ಎಲ್ಲ ಮರೆತು, ಎಡಗೈಯನ್ನು ಬಲ ಮೊಣಕೈಗೆ ಆನಿಸಿ ಬಲಗೈಯನ್ನೇ ಮುಂದೆ ಚಾಚಿದರು. ಮುಗಿಯಿತು ಅಂದುಕೊಂಡೆ. ಪ್ರಸಾದವನ್ನು ಕಣ್ಣಿಗೆ ಒತ್ತಿಕೊಳ್ಳಬೇಕಲ್ಲ. ಕೈ ಎದೆಯ ಹತ್ತಿರ ಬಂದು ನಿಂತಿತು, ಅದಕ್ಕಿಂತ ಮೇಲೆ ಏಳಲಿಲ್ಲ. ಆಗ ಅಪ್ಪ ಬೆನ್ನು ಬಗ್ಗಿಸಿ ತಲೆಯನ್ನೇ ಕೈಯ ಹತ್ತಿರ ಒಯ್ದರು. ಕಣ್ಣಿಗೆ ಒತ್ತಿಕೊಂಡು, ಹಾಗೇ ಬಗ್ಗಿಕೊಂಡು ತಿಂದರು. ಮನೆಯಲ್ಲಿ ದಿನಾ ಹೀಗೇ. ನೋಡಿ ನೋಡಿ ನಮಗೆ ಅದು ಕಾಣುವುದೇ ನಿಂತುಹೋಗಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇನ್ನೊಂದು ಸಲ ತಗೊಳ್ಳಿ."

ಅಪ್ಪ ಸಂಕೋಚದಿಂದ ತೆಗೆದುಕೊಂಡರು. ಡಾಕ್ಟರು ಎದ್ದು ಬಂದು ಭುಜಕ್ಕೆ ಅಳತೆಯ ಪಟ್ಟಿ ಹಿಡಿದರು. "ಇನ್ನೊಂದು ಸಲ." ಈಗ ಮೊಣಕೈಗೆ. ಎರಡನೇ ಡಾಕ್ಟರು ಬೆನ್ನ ಹಿಂದೆ ನಿಂತು, "ನನಗೂ ಒಂದ್ಸಲ ನೋಡಬೇಕು," ಅಂದರು. ಅಪ್ಪನ ಬಾಯಿ ತುಂಬಿತ್ತು.

ಅಟೆಂಡರ್ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. "ಸಾರ್, ಇನ್ನೂ ಲ್ಯಾಬಿನವರಿಗೆ ಕೊಟ್ಟಿಲ್ಲ."

ಹಿರಿಯ ಡಾಕ್ಟರು ಬರೆಯುತ್ತ ಕೇಳಿದರು, "ಇದನ್ನ ಮೊದಲೇ ತೋರಿಸಬಾರದಾಗಿತ್ತೇನ್ರಿ?"

ಅಪ್ಪ ನುಂಗಿ ಹೇಳಿದರು, "ಮೊದಲನೇ ಸಲ ನೀವು ಏನೂ ಕೊಡಲಿಲ್ಲ ಸಾರ್."

ಪ್ರಮಾಣಪತ್ರ ಮುಂದಿನ ಸೋಮವಾರ ಬಂತು. ಅಮ್ಮನಿಗೆ ಓದುವ ಧೈರ್ಯ ಇರಲಿಲ್ಲ, ನಾನೇ ಓದಿದೆ. ಶೇಕಡಾ ನಲವತ್ತೊಂದು.